ಹದಿನೆಂಟು ತುಂಬಿದವರಿಗೆ

ಅಪ್ಪಾ,

ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ. ನಿಮ್ಮ ಡ್ಯೂಟಿ ಅಂಗಿ ಒಗೆದಿದೆ, ಇಸ್ತ್ರಿ ನೀವೇ ಹಾಕಿಕೊಳ್ಳಿ.

ನಿನ್ನೆ ಥಿಯೇಟರಿನ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ನೀವು, ಗೆಳತಿಯರ ಮುಂದೆಯೇ ನನ್ನನ್ನು ತಡೆದಿರಿ. “ಹದಿಮೂರು ದಾಟಿದೋರ ಸಿನಿಮಾ ಆಗಿದ್ರೆ ಬಿಡ್ತಿದ್ದೆ ಪುಟ್ಟಿ. ಇದು ಹದಿನೆಂಟು ತುಂಬಿದೋರಿಗೆ. ಬರೀ ಹೊಡೆತ, ರಕ್ತ. ನೀನು ನೋಡೋ ಅಂಥದ್ದಲ್ಲ” ಅಂದಿರಿ. ನನಗಿನ್ನೂ ಹದಿನಾರು. ತೆಪ್ಪಗೆ ವಾಪಸು ಬಂದೆ.

ಇವತ್ತು ಬೆಳಿಗ್ಗೆ ನೀವು ಅಮ್ಮನ ತುಟಿ ಒಡೆದಾಗ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಆಗ ನನ್ನ ವಯಸ್ಸು ನಿಮಗೆ ನೆನಪಾಗಲಿಲ್ಲ. ನಾನು ಆರು ವರ್ಷದವಳಾಗಿದ್ದಾಗಿನಿಂದಲೂ ನೆನಪಾಗಿಲ್ಲ.

ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಲ್ಲಿಂದ ದೊಡ್ಡಮ್ಮನ ಮನೆಗೆ. ಕರೆಯಲು ಬರಬೇಡಿ.

ಏನಾಯಿತೆಂದು ಡಾಕ್ಟರು ಕೇಳಿದರೆ ಅಮ್ಮ ಎಂದಿನಂತೆ “ಜಾರಿ ಬಿದ್ದೆ” ಅನ್ನುತ್ತಾಳೆ. ಈ ಸಲ ಉತ್ತರ ನಾನು ಕೊಡುತ್ತೇನೆ.