ಒಂಬತ್ತು ಮೆಟ್ಟಿಲು

ಹಳೇನಗರ, ಭದ್ರಾವತಿ
ಶುಕ್ರವಾರ, 16 ನವೆಂಬರ್ 2001

ತಮ್ಮ ಹಾಲಸ್ವಾಮಿಗೆ,

ಚಿರಂಜೀವಿ ಎಂದು ಬರೆಯಲು ಈ ಸಲ ಕೈ ಏಳಲಿಲ್ಲ. ಒಂದು ಹಾಳೆ ಹರಿದು ಹಾಕಿ ಇದನ್ನು ತೆಗೆದುಕೊಂಡಿದ್ದೇನೆ. ಅಪ್ಪ ಅವ್ವ ಇಲ್ಲದ ಮೇಲೆ ಹಿರಿಯಳಾದ ನಾನೇ ಹರಸಬೇಕು, ಆದ್ದರಿಂದ ಚಿರಂಜೀವಿಯಾಗಿರು. ಅದನ್ನು ಪ್ರೀತಿಯಿಂದ ಹೇಳುತ್ತಿದ್ದೇನೆ ಎಂದು ಮಾತ್ರ ತಿಳಿಯಬೇಡ. ನಿನ್ನ ಸಕ್ಕರೆ ಕಾಯಿಲೆ ಹೇಗಿದೆ? ಇಲ್ಲಿಗೆ ಬಂದಾಗ ನನ್ನ ಕಣ್ಣು ತಪ್ಪಿಸಿ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಕೊಂಡದ್ದನ್ನು ನೋಡಿದೆ. ಸಾವಿತ್ರಿಯ ಮಂಡಿನೋವು ಇಳಿಯಿತೇ? ನಿನ್ನ ಹೆಂಡತಿಯ ಮೇಲೆ ನನಗೆ ಯಾವ ಕೋಪವೂ ಇಲ್ಲವೆಂದು ಹೇಳು. ಬಸ್ಸಿನಲ್ಲಿ ಅವಳು ಕಳಿಸಿದ ನಿಂಬೆಕಾಯಿ ಉಪ್ಪಿನಕಾಯಿ ತಲುಪಿತು.

ಫೋನ್ ಮಾಡಬಹುದಿತ್ತು. ಮಾಡಿದರೆ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ನಾಲ್ಕು ಆಡುತ್ತೀಯ. ಕಾಗದಕ್ಕೆ ಎದುರುತ್ತರ ಕೊಡಲು ಬರುವುದಿಲ್ಲ. ಅಂಗಡಿಯ ಗಲ್ಲಾದ ಮೇಲೆ ಇಟ್ಟುಕೊಂಡು ಸೀರೆ ನೋಡುವ ಗಿರಾಕಿಗಳ ನಡುವೆ ಓದಬೇಡ. ಮನೆಗೆ ಹೋಗಿ, ಕೈಕಾಲು ತೊಳೆದು, ಕೂತು ಓದು.

ಈ ತಿಂಗಳ ನಾಲ್ಕನೇ ತಾರೀಕು ಭಾನುವಾರ ನೀನು ಸೇಬಿನ ಚೀಲ ಹಿಡಿದುಕೊಂಡು ಬಂದೆ. ಮಂಚದ ಮೇಲಿದ್ದ ನನ್ನ ಮಗ ನಿನ್ನ ದನಿ ಕೇಳಿಯೇ ಮುಖ ಅರಳಿಸಿದ. ಮಧುವಿಗೆ ಇರುವ ಸೋದರಮಾವ ನೀನೊಬ್ಬನೇ. ನೀನು ಕಾಫಿ ಕುಡಿದು ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತ ಕೂಡಲೇ ಅವನು, ಇಪ್ಪತ್ತೈದಕ್ಕೆ ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬ, ನಾನು ಒಂಬತ್ತು ಮೆಟ್ಟಿಲು ಹತ್ತಿ ಹೋಗಿ ಕುಂಬಳಕಾಯಿ ಇಡುವುದನ್ನು ನೋಡಲು ನೀವು ಬರಲೇಬೇಕು ಎಂದ. ನೀನು ನನ್ನ ಮುಖ ನೋಡಿದೆ. ನಾನು ಕಣ್ಣಿನಲ್ಲೇ ಬೇಡ ಎಂದೆ. ಅದು ನಿನಗೆ ಕಂಡಿತ್ತು. ಕಂಡೂ ಹೇಳಿದೆ: “ಎಷ್ಟು ದಿನ ಅಂತ ಈ ನಾಟಕ ಆಡ್ತೀಯ ಮಾರಾಯ್ತಿ? ಇವನು ಆ ಮೆಟ್ಟಿಲು ಹತ್ತೋದು ನಾಲ್ಕು ಜನ ಹೊತ್ತಾಗಲೇ. ಡಾಕ್ಟ್ರು ನಮ್ಮಿಬ್ಬರ ಮುಂದೇನೇ ಹೇಳಿಲ್ವಾ?”

ಆಮೇಲೆ ನೀನು ಇನ್ನೂ ಏನೇನೋ ಹೇಳಿದೆ. ನಕ್ಷತ್ರ ಕಟ್ಟಲು ಹತ್ತಿದವನನ್ನೇ ಹಿಡಿದುಕೊಳ್ಳದ ದೇವರು ಈಗೇನು ಎಬ್ಬಿಸುತ್ತಾನೆ ಎಂದೆ. ಆ ಶಿಲುಬೆಯನ್ನು ಗೋಡೆಯಿಂದ ಇಳಿಸಿ ಮಗನನ್ನು ಕರೆದುಕೊಂಡು ದುರ್ಗಿಗುಡಿಯ ತವರುಮನೆಗೆ ಬಾ, ಕೆಳಗಿನ ಕೋಣೆ ಬಿಟ್ಟುಕೊಡುತ್ತೇನೆ, ನೋಡಿಕೊಳ್ಳಲು ಒಬ್ಬ ನರ್ಸನ್ನು ಇಡುತ್ತೇನೆ ಎಂದೆ. ನಾನು ಬಾಗಿಲು ತೆರೆದೆ. ನಿನಗೆ ಚಪ್ಪಲಿ ತೋರಿಸಿದೆ. ಅದಕ್ಕೆ ನಾನು ಕ್ಷಮೆ ಕೇಳುವವಳಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಏಕೆಂದರೆ ನೀನು ಮರೆತವನ ಹಾಗೆ ನಡೆದುಕೊಂಡೆ. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ಮಧು ಚರ್ಚಿನ ಮುಂಭಾಗಕ್ಕೆ ಕ್ರಿಸ್‌ಮಸ್ ನಕ್ಷತ್ರ ಕಟ್ಟಲು ಹತ್ತಿ ಬಿದ್ದ. ಕುತ್ತಿಗೆಯ ಕೆಳಗೆ ಬಲಗೈಯ ಎರಡು ಬೆರಳು ಬಿಟ್ಟರೆ ಏನೂ ಆಡುವುದಿಲ್ಲ. ಕೂರಿಸಿದರೆ ತಲೆ ತಿರುಗಿ ಎಚ್ಚರ ತಪ್ಪುತ್ತದೆ. ದೊಡ್ಡಾಸ್ಪತ್ರೆಯ ಡಾಕ್ಟರು, ಬೆನ್ನುಹುರಿ ತುಂಡಾಗಿದೆ, ಇನ್ನು ನಡೆಯುವುದಿಲ್ಲ ಎಂದಾಗ ನನ್ನ ಪಕ್ಕದಲ್ಲಿ ನಿಂತಿದ್ದವನು ನೀನೇ. ಹೊರಗೆ ಬಂದು ಬೇವಿನ ಮರದ ಕೆಳಗೆ ನನ್ನ ಕೈಯ ಮೇಲೆ ಕೈ ಇಟ್ಟು, ಮಧುವಿಗೆ ಹೇಳುವುದಿಲ್ಲ ಎಂದು ಆಣೆ ಮಾಡಿದವನೂ ನೀನೇ. ನರ ಊದಿಕೊಂಡಿದೆ, ಊತ ಇಳಿದರೆ ಏಳುತ್ತೀಯ ಎಂದು ನಾನು ಅವನಿಗೆ ಹೇಳಿದೆ. ಸುಮಾರು ಎರಡು ವರ್ಷ ಅದನ್ನೇ ಹೇಳಿದೆ. ಎರಡು ಗಂಟೆಗೊಮ್ಮೆ ಅವನ ಮಗ್ಗುಲು ಬದಲಿಸುವಾಗಲೂ ಅದನ್ನೇ ಹೇಳಿದೆ.

ನೀನು ಆಣೆ ಮುರಿಯುತ್ತೀಯ ಎಂದು ನಾನು ಎಣಿಸಿರಲಿಲ್ಲ ಎಂದರೆ ತಪ್ಪಾಗುತ್ತದೆ. ನಿನ್ನ ಕೈಯ ಕೆಲಸ ನನಗೆ ಹೊಸದಲ್ಲ. ನಾನು ಅರುಳಪ್ಪನವರನ್ನು ಮದುವೆಯಾಗಿ ಇಲ್ಲಿಗೆ ಬಂದ ವರ್ಷ, ಮಗಳು ಸತ್ತಳೆಂದು ಅಪ್ಪ ನನ್ನ ಇಷ್ಟಲಿಂಗವನ್ನು ಹೊಲದ ಸಮಾಧಿಯ ಜಾಗದಲ್ಲಿ ಹುಗಿಸಿದರು. ಹೆಣದ ಜೊತೆ ಹೋಗಬೇಕಾದ ಲಿಂಗ ಹೆಣವಿಲ್ಲದೆ ಹೋಯಿತು. ಶಿವಗಣಾರಾಧನೆ ಮಾಡಿಸಿ ಬಂಧುಬಳಗಕ್ಕೆ ಊಟ ಹಾಕಿಸಿದರು. ಗುಂಡಿ ತೋಡಿದವನು ನೀನು. ಆಗ ನಿನಗೆ ಇಪ್ಪತ್ತು ವರ್ಷ, ಅಪ್ಪನ ಎದುರು ನಿಲ್ಲಲು ಆಗಲಿಲ್ಲ ಎಂದು ಆಮೇಲೆ ನನ್ನ ಮುಂದೆ ಅತ್ತೆ. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ. ಈಗ ಬಿಡುವುದಿಲ್ಲ. ನನ್ನನ್ನು ಬದುಕಿರುವಾಗಲೇ ಹುಗಿದವನು, ನನ್ನ ಮಗನನ್ನು ಬದುಕಿರುವಾಗಲೇ ನಾಲ್ಕು ಜನರ ಹೆಗಲಿಗೆ ಏರಿಸಿದೆ.

ನೀನು ಹೋದ ಮೇಲೆ ಏನಾಯಿತು ಎಂದು ಕೇಳಲು ನೀನು ಫೋನ್ ಕೂಡ ಮಾಡಲಿಲ್ಲ. ನಾನೇ ಹೇಳುತ್ತೇನೆ. ಅವನು ಕಿಟಕಿ ಮುಚ್ಚು ಎಂದ. ಆ ಕಿಟಕಿಯಿಂದ ಹಿತ್ತಲಿನ ಕುಂಬಳದ ಬಳ್ಳಿ ಕಾಣುತ್ತದೆ. ಬಳ್ಳಿಯಲ್ಲಿ ಒಂದೇ ಕಾಯಿ ನಿಂತಿತ್ತು, ದಿನಾ ಬೆಳಿಗ್ಗೆ ಎಷ್ಟು ದಪ್ಪ ಆಗಿದೆ ಎಂದು ಅವನೇ ಹೇಳುತ್ತಿದ್ದ. ಅದನ್ನು ನೋಡುವುದು ಬಿಟ್ಟ. ಗಂಜಿ ಕುಡಿಸಿದರೆ ಬಾಯಲ್ಲೇ ಇಟ್ಟುಕೊಂಡು ಪಕ್ಕಕ್ಕೆ ಹರಿಯಬಿಟ್ಟ. ಸಾಯಂಕಾಲದ ಪ್ರಾರ್ಥನೆಯಲ್ಲಿ ಆಮೆನ್ ಎನ್ನಲಿಲ್ಲ. ಅವನಪ್ಪ ತೀರಿಕೊಂಡ ದಿನವೂ ಆಮೆನ್ ಎಂದ ಹುಡುಗ. ಪ್ರಾರ್ಥನೆಗೆ ಬಂದ ಹೆಂಗಸರಲ್ಲಿ ಒಬ್ಬಳು, ತಾಯಿಯ ವಿಶ್ವಾಸದಲ್ಲಿ ಕೊರತೆ ಇರಬೇಕು ಎಂದಳು. ಅವಳಿಗೂ ಚಪ್ಪಲಿ ತೋರಿಸಿದೆ. ಹತ್ತು ದಿನದಲ್ಲಿ ಅವನ ಕೆನ್ನೆಯ ಮೂಳೆಗಳು ಎದ್ದು ಕಾಣಿಸಿಕೊಂಡವು. ನಿನ್ನ ಸೇಬು ಚೀಲದಲ್ಲೇ ಕೊಳೆತವು, ಪಕ್ಕದ ಮನೆ ಚೌಡಯ್ಯನ ಎಮ್ಮೆಗೆ ಹಾಕಿದೆ.

ಇಲ್ಲಿ ನಿಲ್ಲಿಸಿ ಎದ್ದು ಹೋಗಿ ಅವನ ಮಗ್ಗುಲು ಬದಲಿಸಿ ಬಂದೆ. ಬೆನ್ನಿನ ಹುಣ್ಣು ಸ್ವಲ್ಪ ಒಣಗಿದೆ.

ಮೊನ್ನೆ ಬುಧವಾರ ಬೆಳಿಗ್ಗೆ ಮೈ ಒರೆಸುತ್ತಿದ್ದಾಗ ಅವನು ಬಾಯಿ ಬಿಟ್ಟ. ನಿನ್ನ ಮಾತು ನಿಜವೇ ಎಂದು ಕೇಳಲಿಲ್ಲ, ಅದು ಅವನಿಗೆ ಗೊತ್ತಾಗಿತ್ತು. “ನಾನು ನಡೀದೇ ಇದ್ರೆ ದೇವರು ಇಲ್ಲ ಅಂತ ಅರ್ಥನಾ ಅಮ್ಮ?” ಎಂದ. ಇದ್ದಾನೆ ಎಂದೆ. “ಇದ್ದಾನೆ ಅಂತ ಗೊತ್ತಿದ್ರೆ ಸುಳ್ಳು ಯಾರಿಗೋಸ್ಕರ ಹೇಳ್ದೆ?”

ಹಾಲಸ್ವಾಮಿ, ನಾನು ಹೈಸ್ಕೂಲ್ ಓದಿದವಳು. ಸಂಡೇ ಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು. ಯಾರೂ ನನ್ನ ಬಾಯಿ ಮುಚ್ಚಿಸಿದ್ದಿಲ್ಲ. ಒದ್ದೆ ಬಟ್ಟೆ ಹಿಂಡಿ, ಒರೆಸಿದ ಕೈಯನ್ನೇ ಮತ್ತೆ ಒರೆಸಿದೆ. ಅವನಿಗೋಸ್ಕರ ಎಂದು ಹೇಳಲು ಹೊರಟೆ, ಬರಲಿಲ್ಲ. ಅದೂ ಸುಳ್ಳೇ ಆಗುತ್ತಿತ್ತು. ನನಗೋಸ್ಕರ ಹೇಳಿದ್ದೆ. ಮಗ ಏಳುವುದಿಲ್ಲ ಎಂದರೆ ದೇವರ ಮೇಲೆ ನನ್ನ ಹಿಡಿತ ತಪ್ಪುತ್ತದೆ ಎಂದು ಹೆದರಿ, ಆ ದೇವರಿಗೇ ನಾನು ಸುಳ್ಳಿನ ಊರುಗೋಲು ಕೊಟ್ಟಿದ್ದೆ.

ಅಷ್ಟೇ ಆಗಿದ್ದರೆ ಮನೆಯೊಳಗೇ ಮುಗಿಯುತ್ತಿತ್ತು. ಸೆಪ್ಟೆಂಬರಿನಲ್ಲಿ ಒಮ್ಮೆ, ಚರ್ಚಿನಲ್ಲಿ ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಸಮಯಕ್ಕೆ ನಾನು ಇಡೀ ಸಭೆಯ ಮುಂದೆ ಎದ್ದು ನಿಂತು, ಈ ಸುಗ್ಗಿ ಹಬ್ಬಕ್ಕೆ ನನ್ನ ಮಗ ಒಂಬತ್ತು ಮೆಟ್ಟಿಲು ಹತ್ತಿ ಬಂದು ನಮ್ಮ ಹಿತ್ತಲ ಮೊದಲ ಕಾಯಿಯನ್ನು ತಾನೇ ಇಡುತ್ತಾನೆ ಎಂದು ಹೇಳಿದ್ದೆ. ನಮ್ಮ ಸಭೆಯಲ್ಲಿ ಎಲ್ಲರೂ ಬೆಳೆದದ್ದರಲ್ಲಿ ಮೊದಲನೆಯದನ್ನು ತಂದಿಡುತ್ತಾರೆ, ಆದರೆ ದೇವರಿಗೆ ತಾರೀಕು ಹಾಕಿ ಕೊಡುವುದಿಲ್ಲ. ಅವ್ವ ಹರಕೆ ಕಟ್ಟುವುದನ್ನು ನೋಡಿ ಬೆಳೆದವಳು ನಾನು, ಶಿಲುಬೆಯ ಮುಂದೆಯೂ ಅದನ್ನೇ ಮಾಡಿದೆ. ಅವ್ವನ ಹೆಸರು ಕೆಡಿಸಬಾರದು. ಅವಳ ಹರಕೆಗೆ ತಾರೀಕು ಇರುತ್ತಿರಲಿಲ್ಲ, ಜನರಿಗೆ ಹೇಳಿಕೊಳ್ಳುತ್ತಲೂ ಇರಲಿಲ್ಲ. ತಾರೀಕು ಹಾಕಿದ್ದು ನನ್ನ ಜಂಬ. ಪಾದ್ರಿಗಳಾದ ನಮ್ಮ ಸಭಾಪಾಲಕರು ಆಗಲೇ ನನ್ನನ್ನು ಪಕ್ಕಕ್ಕೆ ಕರೆದು, ಅಮ್ಮ, ಹೀಗೆ ಹೇಳಬಾರದಿತ್ತು ಎಂದರು. ನಿಮಗೆ ವಿಶ್ವಾಸ ಕಡಿಮೆ ಎಂದು ಅವರ ಮೇಲೇ ಹಾರಿಬಿದ್ದೆ.

ಮಧುವಿಗೆ ಇದೆಲ್ಲವನ್ನೂ ಹೇಳಿದೆ. ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತು ಹೇಳಿದೆ, ಕುರ್ಚಿಯಲ್ಲಿ ಕೂತು ಹೇಳುವ ಮಾತಾಗಿರಲಿಲ್ಲ. ಅವನು ಪೂರ್ತಿ ಕೇಳಿದ. ಆಮೇಲೆ, ಸಾಯಂಕಾಲದ ಪ್ರಾರ್ಥನೆಯನ್ನು ಈಗಲೇ ಮಾಡೋಣ, ನನ್ನನ್ನು ನಡೆಯುವಂತೆ ಮಾಡು ಅಂತ ಕೇಳಬೇಡ, ಇವತ್ತಿನದ್ದು ಮಾತ್ರ ಕೇಳು ಎಂದ. ಹಾಗೆ ಪ್ರಾರ್ಥಿಸಿ ನನಗೆ ಅಭ್ಯಾಸವಿಲ್ಲ. ಎರಡೇ ಮಾತು ಬಂತು, ಮಿಕ್ಕದ್ದನ್ನು ಅವನು ಮುಗಿಸಿದ. ಆಮೆನ್ ಅವನೇ ಮೊದಲು ಹೇಳಿದ. ಮಧ್ಯಾಹ್ನ ಅರ್ಧ ಲೋಟ ಗಂಜಿ ಕುಡಿದ.

ಇದನ್ನು ಓದಿ ನಿನ್ನ ಬಾಯಿಂದ ಒಳ್ಳೆಯದೇ ಆಯಿತು ಎಂದು ಬೀಗಬೇಡ. ಸತ್ಯ ಹೇಳಬೇಕಾದವಳು ನಾನು, ಹೇಳುವ ರೀತಿಯೂ ಬೇರೆ ಇತ್ತು. ನೀನು ಅವನ ಮೇಲಿನ ಮರುಕಕ್ಕೆ ಹೇಳಲಿಲ್ಲ. ನನ್ನ ಮೇಲಿನ ಸಿಟ್ಟಿಗೆ, ನನ್ನ ಗೋಡೆಯ ಮೇಲಿರುವ ಶಿಲುಬೆಯ ಮೇಲಿನ ಸಿಟ್ಟಿಗೆ ಹೇಳಿದೆ. ಅದು ಅವನಿಗೆ ತಗುಲಿತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಕ್ಷತ್ರ ಕಟ್ಟಲು ಹೋದವನನ್ನು ಏಕೆ ಹಿಡಿದುಕೊಳ್ಳಲಿಲ್ಲ ಎಂದು ನಾನು ನಿನಗಿಂತ ಎರಡು ವರ್ಷ ಮೊದಲೇ ಕೇಳಿದ್ದೇನೆ, ನಿನಗಿಂತ ಗಟ್ಟಿಯಾಗಿ ಕೇಳಿದ್ದೇನೆ. ಉತ್ತರ ಬಂದಿಲ್ಲ. ದಿನಾ ಹೋಗಿ ಅದೇ ಬಾಗಿಲಲ್ಲಿ ನಿಂತು ಜಗಳವಾಡುತ್ತೇನೆ. ಒಳಗೆ ಯಾರೂ ಇಲ್ಲ ಎಂದು ಅನಿಸಿದ್ದರೆ ಎಂದೋ ಎದ್ದು ಬರುತ್ತಿದ್ದೆ. ನಾನು ಸುಮ್ಮನೆ ಬಾಗಿಲು ಕಾಯುವವಳಲ್ಲ ಎಂಬುದು ನಿನಗೆ ಗೊತ್ತು. ಮಗ ಏಳಬಹುದು ಎಂಬ ಆಸೆಯನ್ನೂ ಬಿಟ್ಟಿಲ್ಲ. ತಾರೀಕು ಹಾಕುವುದನ್ನು ಬಿಟ್ಟಿದ್ದೇನೆ. ಅವನು ಏಳದಿದ್ದರೂ ಇದೇ ಗೋಡೆಯಲ್ಲಿ ಇದೇ ಶಿಲುಬೆ ಇರುತ್ತದೆ, ಅದರ ಧೂಳನ್ನು ನಾನೇ ಒರೆಸುತ್ತೇನೆ. ಆದ್ದರಿಂದ ನಿನ್ನ ಕೋಣೆ ನಮಗೆ ಬೇಡ. ದುರ್ಗಿಗುಡಿಯಲ್ಲಿ ನಾನು ಸತ್ತು ಮೂವತ್ತಮೂರು ವರ್ಷವಾಯಿತು, ಸತ್ತವಳಿಗೆ ಕೋಣೆ ಏಕೆ? ಆ ನರ್ಸಿನ ಮಾತನ್ನೂ ಬಿಡು. ಮಗನ ಮಗ್ಗುಲು ಬದಲಿಸಲು ನನ್ನ ತೋಳಿನಲ್ಲಿ ಇನ್ನೂ ಬಲವಿದೆ.

ಇಪ್ಪತ್ತೈದಕ್ಕೆ ನಾನೊಬ್ಬಳೇ ಕುಂಬಳಕಾಯಿ ತೆಗೆದುಕೊಂಡು ಹೋಗುತ್ತೇನೆ. ಸಾಕ್ಷಿಯ ಸಮಯಕ್ಕೆ ಎದ್ದು ನಿಂತು, ನಾನು ಮಗನಿಗೂ ಸಭೆಗೂ ಸುಳ್ಳು ಹೇಳಿದೆ ಎಂದು ಹೇಳುತ್ತೇನೆ. ಆ ಹೆಂಗಸರು ಏನಾದರೂ ಅಂದುಕೊಳ್ಳಲಿ. 

ಸಾವಿತ್ರಿಗೆ ನನ್ನ ಆಶೀರ್ವಾದ ತಿಳಿಸು. ನಿನಗೂ ದೇವರು ಆರೋಗ್ಯ ಕೊಡಲಿ, ನಾಲಿಗೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ. ಯಾವ ದೇವರು ಕೊಟ್ಟರೂ ನನ್ನದೇನೂ ತಕರಾರಿಲ್ಲ.

ನಿನ್ನ ಅಕ್ಕ,
ದಾಕ್ಷಾಯಣಿ ಅರುಳಪ್ಪ

ಮರೆತ ಮಾತು: ಕಾಗದ ಮಡಿಸುತ್ತಿದ್ದಾಗ ಮಧು ಯಾರಿಗೆ ಎಂದು ಕೇಳಿದ. ಇನ್ನು ಅವನಿಂದ ಏನನ್ನೂ ಮುಚ್ಚಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಅದಕ್ಕೆ ಪೂರ್ತಿ ಓದಿ ಹೇಳಿದೆ. ನಿನ್ನ ಆ ನಾಲ್ಕು ಜನರ ಮಾತು ಬಂದಾಗ ನಕ್ಕುಬಿಟ್ಟ. ಈ ಮನೆಯಲ್ಲಿ ಆ ನಗು ಕೇಳಿ ಎರಡು ವರ್ಷವಾಗಿತ್ತು, ಕೆಮ್ಮು ಎಂದುಕೊಂಡು ನೀರು ತರಲು ಎದ್ದೆ. “ಮಾವ ಸರಿಯಾಗೇ ಹೇಳಿದ್ದಾರೆ. ಸತ್ತ ಮೇಲೆ ಹೊತ್ರೆ ನನಗೇನು ಕಾಣುತ್ತೆ? ಈಗಲೇ ಹೊರಲಿ” ಎಂದ. ಬೈಬಲಿನಲ್ಲಿ ಹಾಗೆ ನಾಲ್ವರು ಹೊತ್ತು ತಂದ ರೋಗಿಯನ್ನು ಯೇಸು ವಾಪಸು ಕಳಿಸಿದನೇನಮ್ಮ ಎಂದು ನನಗೇ ಪಾಠ ಹೇಳಿದ. ಇಪ್ಪತ್ತೈದಕ್ಕೆ ಮಂಚದ ಸಮೇತ ಹೋಗುತ್ತಾನಂತೆ, ಕುಂಬಳಕಾಯಿ ಅವನ ಎದೆಯ ಮೇಲೆ ಇರಬೇಕಂತೆ. ಸಭಾಪಾಲಕರು, ಚೌಡಯ್ಯ, ಗಂಟೆ ಹೊಡೆಯುವ ಪುಟ್ಟಪ್ಪ, ಮೂವರಾದರು. ನಾಲ್ಕನೆಯವರಾಗಿ ಎಷ್ಟೋ ಜನ ಸಿಗುತ್ತಾರೆ, ಆದರೆ ನೀನೇ ಆಗಬೇಕೆಂದು ಹಠ ಹಿಡಿದಿದ್ದಾನೆ. ನಾನು ಕರೆಯುತ್ತಿಲ್ಲ, ಅವನು ಕರೆಯುತ್ತಿದ್ದಾನೆ. ಬೆಳಿಗ್ಗೆ ಎಂಟೂವರೆಗೆ ಇಲ್ಲಿ ನಮ್ಮ ಮನೆಯಲ್ಲಿರು. ವಿಭೂತಿ ಒರೆಸಿಕೊಂಡು ಬರಬೇಕಾಗಿಲ್ಲ. ಸೇಬು ತರಬೇಡ. ಮೆಟ್ಟಿಲು ಕಡಿದಾಗಿವೆ, ತಲೆಯ ಕಡೆ ನೀನು ಹಿಡಿ. ಅಲುಗಿಸಬೇಡ.