ಮೂರು ‘ಆ್ಯಂಡ್’ ಆದ ಮೇಲೆ

ಅಕ್ಕಾ,

ಲೋಕಕ್ಕೆಲ್ಲ ತಿಳಿಯುವಂತೆ ಸಾರುತ್ತಿದ್ದೇನೆ: ಇಂದು ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬ ಮನುಷ್ಯ ನಾನು ಮಾಡಿದ ಕುರ್ಚಿಯಲ್ಲಿ ಕೂತ, ಬೀಳಲಿಲ್ಲ. ಡಂಗುರದವನು ಸಿಗಲಿಲ್ಲ, ಅದಕ್ಕೇ ಈ ಬಹಿರಂಗ ಪತ್ರ.

ಕೂತವನು ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಅರಿಯದ ಗಿರಾಕಿ. ನಾವಾದರೆ ನೋಡಿ, ಮುಟ್ಟಿ, ಅಲ್ಲಾಡಿಸಿ, ಕಟ್ಟಕಡೆಗೆ ಮೆಚ್ಚುತ್ತೇವೆ, ಇಲ್ಲವೇ ತೆಗಳುತ್ತೇವೆ. ಅವನೋ, ಕುರ್ಚಿ ಗಟ್ಟಿ, ಆ್ಯಂಡ್ ‘ಇಟ್’ ಬೆನ್ನಿಗೆ ಹಿತ, ಆ್ಯಂಡ್ ‘ಇಟ್’ ನೋಡಲು ಚೆಂದ, ಆ್ಯಂಡ್ ಅಂತ ರೈಲು ಡಬ್ಬಿ ಜೋಡಿಸುತ್ತಲೇ ಹೋದ. ಇಂಗ್ಲಿಷ್ ಮೇಡಂ ಆದ ನೀನೇ ಹೇಳಿದ್ದೆಯಲ್ಲ, “ಅವರ ಹೊಗಳಿಕೆ ನಂಬಬೇಡ ಕಣೋ, ಮೂರು ಆ್ಯಂಡ್ ಆದ ಮೇಲೆ ಒಂದು ಬಟ್ ಇದ್ದೇ ಇರುತ್ತೆ” ಅಂತ.

ನಾನು ಉಳಿ ಕೆಳಗಿಟ್ಟು, ನನ್ನ ಹರಕು ಇಂಗ್ಲಿಷಿನಲ್ಲೇ, “ಬಟ್ ಏನು ಸ್ವಾಮಿ, ಅದನ್ನೂ ಉದುರಿಸಿಬಿಡಿ” ಅಂದೆ.

“ಬಟ್ ಇಲ್ಲ. ಇನ್ನೂ ಆರು ಬೇಕು ಅನ್ನೋನಿದ್ದೆ” ಅಂದ. ಮುಖ ಸಪ್ಪಗೆ ಮಾಡಿಕೊಂಡು ಎದ್ದು ಹೋದ. ಅಂಥ ಮುಖ ಮೊದಲೂ ನೋಡಿದ್ದೆ.

ನಿನಗೆಂದೇ ಮಾಡಿದ ಮೇಜನ್ನು ಸವರಿ, “ನುಣುಪಾಗಿದೆ, ಕಾಲೂ ನೆಟ್ಟಗಿದೆ, ಅಪ್ಪನ ಕೈಯೇ ನಿಂದು” ಅಂದಿದ್ದೆ ನೀನು.

“ಆದರೆ?” ಅಂದಿದ್ದೆ ನಾನು.

“ಆದರೆ ಏನಿಲ್ಲ ಕಣೋ.”

“ಸುಳ್ಳು. ನಿನ್ನ ಬಾಯಲ್ಲಿ ಬರೀ ಒಳ್ಳೆ ಮಾತು ಬರಲ್ಲ.”

ನೀನು ಬ್ಯಾಗೆತ್ತಿಕೊಂಡು ಹೊರಟೆ. ಐದು ವರ್ಷವಾಯಿತು, ಮೇಜು ಮೂಲೆಯಲ್ಲಿದೆ. ಗೆದ್ದಲು ಕೂಡ ಅನುಮಾನಪಟ್ಟು ಮುಟ್ಟಿಲ್ಲ.

ಒಂದು ಸಣ್ಣ ಉಪಕಾರ ಮಾಡು. ನಿನ್ನ ಹೊಸ ಮನೆಯ ಬಾಗಿಲಿನ ಅಗಲ ಅಳೆದಿಡು. ಕಾಲು ಬಿಚ್ಚದೆ ಮೇಜು ಒಳಗೆ ಹೋಗಬೇಕು.