ಹತ್ತಾರು ಜನರ ಗಲಾಟೆ

ಚನ್ನಪಟ್ಟಣ, ಗುರುವಾರ

ಪಕ್ಕದ ಮನೆಯ ಮುನಿತಾಯಮ್ಮನವರಿಗೆ ನಮಸ್ಕಾರಗಳು.

ಯಾರು ಬೇಕಾದರೂ ಬಂದು ಕೈಕೆಲಸ ಮಾಡಬಹುದಾದ ನಮ್ಮ ಮೇಕರ್‌ಸ್ಪೇಸಿನಲ್ಲಿ ಭಾನುವಾರ ಹತ್ತಾರು ಜನ ಸೇರಿ ಗಲಾಟೆ ಮಾಡುತ್ತಾರೆಂದು ನೀವು ಬಡಾವಣೆಯ ಸಂಘಕ್ಕೆ ಕೊಟ್ಟ ದೂರನ್ನು ಓದಿದೆ. ಹತ್ತಾರು ಜನ! ನಮ್ಮ ಕಾರ್ಯಕ್ರಮಗಳ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಈವರೆಗೆ ಯಾರೂ ಬರೆದಿಲ್ಲ. ದೂರನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದೇನೆ.

ಆದರೂ ನಿಜ ಹೇಳಬೇಕು. ಆರು ವಾರದಿಂದ ಒಬ್ಬರೂ ಬಂದಿಲ್ಲ. ಬೊಂಬೆಯೂರಿನಲ್ಲಿ ಬೊಂಬೆ ಮಾಡಲು ಕಲಿಸುತ್ತೇನೆಂದು ಬ್ಯಾನರ್ ಕಟ್ಟಿದವನ ಬುದ್ಧಿ ಎಷ್ಟಿರಬೇಕು, ನೀವೇ ಹೇಳಿ. ಕೊಠಡಿ ಖಾಲಿಯೆಂದು ಬೀದಿಗೆ ತಿಳಿಯಬಾರದಲ್ಲ, ಅದಕ್ಕೇ ಮರ ತಿರುವುವ ಎರಡೂ ಲೇತ್‌ಗಳನ್ನು ಓಡಿಸುತ್ತೇನೆ. “ಲೇ, ಉಳಿನ ಒಸಿ ಮೆಲ್ಲಕ್ ಹಿಡ್ಕಳ್ಲಾ!” ಎಂದು ಗದರಿದವನೂ ನಾನೇ, “ಆಯ್ತು ಬುಡಣ್ಣ!” ಎಂದವನೂ ನಾನೇ.

ಈ ಭಾನುವಾರವೂ ಹಾಜರಿ ಪುಸ್ತಕದಲ್ಲಿ ಒಂದು ಸಹಿ ಬೀಳದಿದ್ದರೆ ಕೊಠಡಿ ಕೊಟ್ಟಿರುವ ಸಂಘದವರೇ ಅದಕ್ಕೆ ಬೀಗ ಹಾಕುತ್ತಾರೆ. ಆಮೇಲೆ ನಿಮಗೆ ಸಂಪೂರ್ಣ ಶಾಂತಿ.

ಒಂದೇ ವಿನಂತಿ. ನಡುವಿನ ಗೋಡೆ ನಿಮ್ಮ ಕಡೆಗೆ ಮಾತ್ರ ತೆಳುವಲ್ಲ. ಬೆಳಿಗ್ಗೆ ನೀವು ಮಜ್ಜಿಗೆ ಕಡೆಯುವಾಗ ಕಡಗೋಲಿನ ತಲೆ ಲೊಡಲೊಡ ಅಲ್ಲಾಡುವುದು ನನಗೂ ಕೇಳಿಸುತ್ತದೆ. ಅದನ್ನು ತನ್ನಿ, ಹೊಸ ತಲೆ ತಿರುವಿಕೊಡುತ್ತೇನೆ. ಮೊದಲು ಎದುರಿಗೇ ಬಯ್ಯಿರಿ, ಸಹಿ ಆಮೇಲೆ ಹಾಕಿದರಾಯಿತು.

ಹತ್ತು ಗಂಟೆಗೆ ಕಾರ್ಯಕ್ರಮ. ಕುರ್ಚಿಗಳು ಇಪ್ಪತ್ತಿವೆ, ಬೇಕಾದುದರಲ್ಲಿ ಕೂರಬಹುದು. ನೀವು ಬಂದರೆ ಅಂದು ಒಂದೇ ಲೇತ್ ಓಡಿಸುತ್ತೇನೆ.

ನಿಮ್ಮ ಗದ್ದಲದ ನೆರೆಯವ,
ಮುತ್ತುರಾಜು
ಸಂಚಾಲಕ ಹಾಗೂ ಸಮಸ್ತ ಸಭಿಕರು